ಬಚ್ಚಲಿನ ಬಿಸಿನೀರಿಗೆ ತಗಲುವ ವೆಚ್ಚ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಕೃಷಿಕ ಕುಟುಂಬವೊಂದು ವಿದ್ಯುತ್ ಬಾಯ್ಲರನ್ನು, ಅಂದರೆ ಅಂಗಡಿಗಳಲ್ಲಿ ಗೀಸರ್ ಎಂದು ಮಾರಾಟವಾಗುವ ಉಪಕರಣವನ್ನು, ಕೊಳ್ಳಬೇಕೇ ಬೇಡವೇ ಎಂದು ಯೋಚಿಸುವಾಗ ಅದು ಎದುರಿಸುವ ಪ್ರಶ್ನೆ ಬೆಂಗಳೂರಿನ ಬಾಡಿಗೆ ಮನೆಯವರ ಪ್ರಶ್ನೆಗಿಂತ ಬೇರೆಯಾದುದು. ನಗರದಲ್ಲಿ ವಿದ್ಯುತ್ತು, ಅನಿಲ, ಸೌರಶಾಖ ಇವುಗಳಲ್ಲಿ ಯಾವುದು ಅಗ್ಗ ಎಂಬುದಷ್ಟೇ ವಿಚಾರವಾಗಿದ್ದರೆ, ಇಲ್ಲಿ ತೋಟವು ವರ್ಷವಿಡೀ ಉದುರಿಸುವ ಅಡಿಕೆ ಸೋಗೆ, ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಅಡಿಕೆ ಸಿಪ್ಪೆ ಬಚ್ಚಲಿನ ಒಲೆಯ ಪಕ್ಕದಲ್ಲಿ ರಾಶಿ ಬಿದ್ದಿರುತ್ತವೆ, ಒಲೆಯ ಮೇಲೆ ತಲೆಮಾರುಗಳಿಂದ ಬಂದ ತಾಮ್ರದ ಹಂಡೆ ಕುಳಿತಿರುತ್ತದೆ. ಹಣ ಕೊಡದೆ ಸಿಗುವ ಶಾಖದ ಜಾಗಕ್ಕೆ ಹಣ ಕೊಟ್ಟು ತರುವ ಶಾಖವನ್ನು ಕೂರಿಸುವ ನಿರ್ಧಾರ ಇದಾದ್ದರಿಂದ, ಲೆಕ್ಕವನ್ನು ಅಂಗಡಿಯ ಬೆಲೆಪಟ್ಟಿಯಿಂದ ಆರಂಭಿಸಿದವರು ಬಹುಮಟ್ಟಿಗೆ ತಪ್ಪು ತೀರ್ಮಾನಕ್ಕೇ ಬರುತ್ತಾರೆ. ಉಪಕರಣದ ಬೆಲೆ ಈ ವ್ಯವಹಾರದ ಅತಿ ಚಿಕ್ಕ ಭಾಗ. ಅಳವಡಿಕೆಯ ಖರ್ಚು ಅದಕ್ಕೆ ಸಮೀಪದ್ದು. ನಿಜವಾದ ಭಾರ ಬೀಳುವುದು ತಿಂಗಳ ಬಿಲ್ಲಿನ ಮೇಲೆ, ಅದರಲ್ಲಿಯೂ ಉಚಿತ ವಿದ್ಯುತ್ತಿನ 200 ಯೂನಿಟ್‌ಗಳ ಗಡಿಯ ಆಸುಪಾಸಿನಲ್ಲಿ.

ಮೊದಲು ಶಾಖದ ಅಳತೆಯನ್ನು ಗಮನಿಸಬೇಕು. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವನ್ನು ಒಂದು ಕಿಲೋಕ್ಯಾಲೊರಿ ಎನ್ನುತ್ತಾರೆ. ವಿದ್ಯುತ್ ಮೀಟರಿನಲ್ಲಿ ದಾಖಲಾಗುವ ಒಂದು ಯೂನಿಟ್, ಎಂದರೆ ಸಾವಿರ ವ್ಯಾಟ್‌ನ ಉಪಕರಣವೊಂದು ಒಂದು ಗಂಟೆ ಕೆಲಸ ಮಾಡಿದಾಗ ಖರ್ಚಾಗುವ ವಿದ್ಯುತ್ತು, ಪೂರ್ತಿಯಾಗಿ ಶಾಖಕ್ಕೆ ತಿರುಗಿದರೆ 860 ಕಿಲೋಕ್ಯಾಲೊರಿಯಾಗುತ್ತದೆ. ಈ ಭಾಗದ ಬಾವಿ ನೀರು ಸುಮಾರು 26 ಡಿಗ್ರಿಯಲ್ಲಿದೆ ಎಂದಿಟ್ಟುಕೊಂಡರೆ, 25 ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು 850 ಕಿಲೋಕ್ಯಾಲೊರಿ, ಅರ್ಥಾತ್ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ನೀರಿನಲ್ಲಿ ಮುಳುಗಿರುವ ಕಾಯಿಲ್ ತನಗೆ ಬಂದ ವಿದ್ಯುತ್ತನ್ನೆಲ್ಲ ಶಾಖವನ್ನಾಗಿ ಪರಿವರ್ತಿಸುವುದರಿಂದ ಯಾವ ಕಂಪನಿಯ ಯಾವ ಮಾದರಿಯೂ ಈ ಲೆಕ್ಕವನ್ನು ಮೀರಲಾರದು. ಐನೂರು ರೂಪಾಯಿಯ ಆಸುಪಾಸಿನ ಕೈರಾಡ್ ಕೂಡ ಒಂದು ಯೂನಿಟ್‌ಗೆ ಅಷ್ಟೇ ಶಾಖ ಕೊಡುತ್ತದೆ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಿಸಿನೀರು ಎಂಬ ಜಾಹೀರಾತಿನ ಮಾತಿಗೆ ಕಾಯಿಸುವ ಹಂತದಲ್ಲಿ ಯಾವ ಅರ್ಥವೂ ಇಲ್ಲ. ಒಂದು ಮಾದರಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಿಸುವುದು ಕಾಯಿಸಿದ ನೀರು ಎಷ್ಟು ಬೇಗ ಆರಿಹೋಗುತ್ತದೆ ಎಂಬುದರಲ್ಲಿ ಮಾತ್ರ.

ಸ್ನಾನಕ್ಕೆ ಬೇಕಾಗುವುದು 60 ಡಿಗ್ರಿಯ ನೀರಲ್ಲ, ತಣ್ಣೀರು ಬೆರೆಸಿ ಹದ ಮಾಡಿದ ಸುಮಾರು 40 ಡಿಗ್ರಿಯ ನೀರು. ತೋಟದ ಕೆಲಸ ಮುಗಿಸಿ ಬಂದವರು ಎರಡು ಬಕೆಟ್, ಅಂದರೆ ಸುಮಾರು 40 ಲೀಟರ್ ನೀರನ್ನು ಧಾರಾಳವಾಗಿ ಮೈಮೇಲೆ ಸುರಿದುಕೊಳ್ಳುವುದು ಈ ಕಡೆಯ ಪದ್ಧತಿ. ಐದು ಜನರ ಮನೆಗೆ ಹೀಗೆ 200 ಲೀಟರ್ ನೀರನ್ನು 14 ಡಿಗ್ರಿ ಏರಿಸಬೇಕೆಂದರೆ ದಿನಕ್ಕೆ 2,800 ಕಿಲೋಕ್ಯಾಲೊರಿ, ಎಂದರೆ ಮೂರೂಕಾಲು ಯೂನಿಟ್, ತಿಂಗಳಿಗೆ ಸುಮಾರು 98 ಯೂನಿಟ್ ಬೇಕಾಗುತ್ತದೆ. ತಲೆಗೊಂದೇ ಬಕೆಟ್ ಎಂದು ಮನೆಯವರೆಲ್ಲ ಒಪ್ಪಿಕೊಂಡರೆ ಅದು 49 ಯೂನಿಟ್‌ಗೆ ಇಳಿಯುತ್ತದೆ. 2025-26ರಲ್ಲಿ ಗೃಹಬಳಕೆಯ ವಿದ್ಯುತ್ತಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ದರವಿದ್ದು, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು 36 ಪೈಸೆ, ಶೇ. 9ರ ವಿದ್ಯುತ್ ತೆರಿಗೆ ಹಾಗೂ ಆಗಾಗ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕವನ್ನು ಸೇರಿಸಿದಾಗ ಕೈಯಿಂದ ಹೋಗುವುದು ಸುಮಾರು 7 ರೂಪಾಯಿ. ಈ ದರದಲ್ಲಿ ಎರಡು ಬಕೆಟಿನ ಸ್ನಾನದ ಮನೆಗೆ ತಿಂಗಳಿಗೆ 686 ರೂಪಾಯಿ, ವರ್ಷಕ್ಕೆ 8,200 ರೂಪಾಯಿಗಿಂತ ತುಸು ಹೆಚ್ಚು ಬೀಳುತ್ತದೆ. ಹತ್ತು ಸಾವಿರ ರೂಪಾಯಿಯ ಗೀಸರ್ ಹತ್ತು ವರ್ಷ ಬಾಳಿದರೆ ಆ ಅವಧಿಯಲ್ಲಿ ಅದು ನುಂಗುವ ವಿದ್ಯುತ್ತಿನ ಬೆಲೆ ಎಂಬತ್ತು ಸಾವಿರವನ್ನು ದಾಟುತ್ತದೆ ಎಂಬುದನ್ನು ಕಂಡಾಗ, ಅಂಗಡಿಯಲ್ಲಿ ಐನೂರು ರೂಪಾಯಿಯ ರಿಯಾಯಿತಿಗಾಗಿ ನಡೆಯುವ ಚೌಕಾಶಿಗೆ ಹೆಚ್ಚಿನ ಮಹತ್ವವಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಇದಕ್ಕೆ ಎದುರಾಗಿ ಹಂಡೆಯ ಲೆಕ್ಕವನ್ನೂ ಇಡಬೇಕು. ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 3,500 ಕಿಲೋಕ್ಯಾಲೊರಿ ಶಾಖ ಅಡಗಿದೆ. ಆದರೆ ಬಾಯ್ದೆರೆದ ಬಚ್ಚಲು ಒಲೆಯಲ್ಲಿ ಅದರ ಆರರಲ್ಲೊಂದು ಪಾಲು ನೀರಿಗೆ ಸೇರಿದರೆ ಹೆಚ್ಚು, ಉಳಿದದ್ದು ಹೊಗೆಯಾಗಿಯೂ ಗೋಡೆಯ ಬಿಸಿಯಾಗಿಯೂ ಹೋಗುತ್ತದೆ. ಆ ಪ್ರಕಾರ ಒಂದು ಯೂನಿಟ್ ವಿದ್ಯುತ್ತು ಮಾಡುವ ಕೆಲಸಕ್ಕೆ ಹಂಡೆಯ ಒಲೆಯಲ್ಲಿ ಸುಮಾರು ಒಂದೂವರೆ ಕಿಲೋ ಕಟ್ಟಿಗೆ ಬೇಕು, ಮೇಲೆ ಹೇಳಿದ ಐದು ಜನರ ಮನೆಗೆ ತಿಂಗಳಿಗೆ ಸುಮಾರು 140 ಕಿಲೋ. ಕಟ್ಟಿಗೆಯನ್ನು ಕಿಲೋಗೆ 5 ರೂಪಾಯಿಯಂತೆ ಕೊಂಡು ತರುವವರಿಗೆ ಇದು 700 ರೂಪಾಯಿ, ಅರ್ಥಾತ್ ಗೀಸರಿನ ಬಿಲ್ಲಿಗೆ ಸರಿಸಮಾನ. ಕಟ್ಟಿಗೆ ಎಂದರೆ ಅಗ್ಗ ಎಂಬ ನಂಬಿಕೆ ಹೀಗೆ ಪುತ್ತೂರು ಪೇಟೆಯ ಹತ್ತು ಸೆಂಟ್ಸ್ ಜಾಗದ ಮನೆಯಲ್ಲಿ ನಿಲ್ಲುವುದಿಲ್ಲ. ಅದು ನಿಲ್ಲುವುದು ಸ್ವಂತ ತೋಟವಿರುವಲ್ಲಿ ಮಾತ್ರ.

ತೋಟವಿರುವಲ್ಲಿ ಮಾತ್ರ ಅದು ಬಲವಾಗಿಯೇ ನಿಲ್ಲುತ್ತದೆ, ಮತ್ತು ಅದಕ್ಕೆ ಇಲ್ಲಿನ ಅಡಿಕೆ ಸಂಸ್ಕರಣೆಯ ಕ್ರಮವೇ ಕಾರಣ. ಮಲೆನಾಡಿನಲ್ಲಿ ಕೆಂಪಡಿಕೆಗಾಗಿ ಕಾಯಿಯನ್ನು ಹಸಿಯಾಗಿರುವಾಗಲೇ ಸುಲಿಯುವುದರಿಂದ ಅಲ್ಲಿ ಸಿಗುವುದು ನೀರು ತುಂಬಿದ ಹಸಿ ಸಿಪ್ಪೆ. ದಕ್ಷಿಣ ಕನ್ನಡದ ಚಾಲಿ ಅಡಿಕೆಯಾದರೋ ಹಣ್ಣಡಿಕೆಯನ್ನು ಸಿಪ್ಪೆಸಮೇತ ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಕಾಲ ಬಿಸಿಲಿಗೆ ಒಣಗಿಸಿ, ಅನಂತರ ಸುಲಿದು ಸಿದ್ಧಪಡಿಸುವಂಥದ್ದು. ಆದ್ದರಿಂದ ಸುಲಿಯುವ ಯಂತ್ರದಿಂದ ಹೊರಬೀಳುವ ಸಿಪ್ಪೆ ಆ ಹೊತ್ತಿಗೇ ಪೂರ್ತಿ ಒಣಗಿದ, ಕಡ್ಡಿ ಗೀರಿದೊಡನೆ ಹತ್ತಿಕೊಳ್ಳುವ ಇಂಧನವಾಗಿರುತ್ತದೆ. ಬೇಸಿಗೆಯಲ್ಲಿ ಒಣಗಿದ ಈ ರಾಶಿಯನ್ನು ಮಳೆ ತಾಗದಂತೆ ಕೊಟ್ಟಿಗೆಯಲ್ಲಿ ಇಟ್ಟುಕೊಂಡರೆ, 4,000 ಮಿಲಿಮೀಟರ್ ಆಸುಪಾಸಿನ ಮಳೆ ಸುರಿಯುವ ಈ ತಾಲೂಕುಗಳಲ್ಲಿ ಆಟಿ ತಿಂಗಳಲ್ಲಿಯೂ ಬಿಸಿನೀರಿಗೆ ಕೊರತೆಯಾಗದು. ಒಲೆಯ ಉಪಕಾರ ನೀರಿಗಷ್ಟೇ ಸೀಮಿತವೂ ಅಲ್ಲ: ಬಚ್ಚಲ ಅಟ್ಟದಲ್ಲಿಟ್ಟ ಕಾಯಿ ಹೊಗೆಗೆ ಒಣಗಿ ಕೊಬ್ಬರಿಯಾಗುತ್ತದೆ, ಮಳೆಗಾಲದ ಒದ್ದೆ ಬಟ್ಟೆ ಅದರ ಕಾವಿಗೆ ಆರುತ್ತದೆ, ಪೊಟ್ಯಾಷ್ ಇರುವ ಬೂದಿ ತೆಂಗಿನ ಬುಡಕ್ಕೆ ಹೋಗುತ್ತದೆ. ಗೀಸರ್ ಕೊಳ್ಳುವವರು ಈ ಮೂರಕ್ಕೂ ಬೇರೆ ದಾರಿ ಹುಡುಕಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸುವುದು ನ್ಯಾಯ.

ಹಾಗೆಂದು ಹಂಡೆಯ ನೀರು ಪುಕ್ಕಟೆಯೆಂದು ಹೇಳುವಂತಿಲ್ಲ. ಸಿಪ್ಪೆ ಬೇಗ ಉರಿದು ಬೇಗ ಬೂದಿಯಾಗುವುದರಿಂದ ಒಲೆಯ ಬುಡದಲ್ಲಿ ಯಾರಾದರೂ ಇದ್ದು ತುಂಬುತ್ತಲೇ ಇರಬೇಕು. ಆ ಯಾರಾದರೂ ಸಾಮಾನ್ಯವಾಗಿ ಮನೆಯ ಹೆಂಗಸರು ಅಥವಾ ವಯಸ್ಸಾದವರು, ಮತ್ತು ಅವರು ನುಂಗುವ ಹೊಗೆಗೆ ಯಾವ ಬಿಲ್ಲೂ ಬರುವುದಿಲ್ಲ. ಮಕ್ಕಳು ಮಂಗಳೂರು, ಬೆಂಗಳೂರು ಸೇರಿ ಎಪ್ಪತ್ತು ದಾಟಿದ ಇಬ್ಬರೇ ಉಳಿದಿರುವ ಮನೆಗಳು ಈ ತಾಲೂಕುಗಳಲ್ಲಿ ಹೆಚ್ಚುತ್ತಿದ್ದು, ಅಂಥ ಮನೆಗಳಲ್ಲಿ ಬಗ್ಗಿ ಒಲೆ ಊದುವ ಶ್ರಮವನ್ನು ಉಳಿಸುವುದೇ ಗೀಸರಿನ ಪರವಾದ ಅತಿ ಗಟ್ಟಿಯಾದ ವಾದ. ಇದರ ಜೊತೆಗೆ ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಭಾಗದಲ್ಲಿ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. ಫಸಲು ಇಲ್ಲದ ತೋಟದಲ್ಲಿ ಸಿಪ್ಪೆಯೂ ಇರುವುದಿಲ್ಲ. ಅಲ್ಲಿನ ರೈತರು ಕಳೆದುಕೊಂಡದ್ದು ಅಡಿಕೆಯ ಆದಾಯವನ್ನಷ್ಟೇ ಅಲ್ಲ, ವರ್ಷದ ಬಿಸಿನೀರಿನ ಇಂಧನವನ್ನೂ. ಅಂಥ ಮನೆಗಳು ರಬ್ಬರ್ ಕಟ್ಟಿಗೆಯನ್ನೋ ವಿದ್ಯುತ್ತನ್ನೋ ಆಶ್ರಯಿಸದೆ ಬೇರೆ ದಾರಿಯಿಲ್ಲ.

ಮಾರುಕಟ್ಟೆಯಲ್ಲಿರುವ ವಿದ್ಯುತ್ ಬಾಯ್ಲರುಗಳಲ್ಲಿ ಮುಖ್ಯವಾದವು ಎರಡು ಬಗೆಯವು. ನೀರನ್ನು ಟ್ಯಾಂಕಿನಲ್ಲಿ ಸಂಗ್ರಹಿಸಿ ಕಾಯಿಸುವ ಬಗೆಯಲ್ಲಿ 15 ಮತ್ತು 25 ಲೀಟರಿನವು ಹೆಚ್ಚು ಬಳಕೆಯಲ್ಲಿದ್ದು, ಇವುಗಳ ಕಾಯಿಲ್ ಸಾಮಾನ್ಯವಾಗಿ 2,000 ವ್ಯಾಟ್‌ನದು, ಬೆಲೆ ಸ್ಥೂಲವಾಗಿ ಆರು ಸಾವಿರದಿಂದ ಹದಿಮೂರು ಸಾವಿರದ ತನಕ. ಒಂದರಿಂದ ಮೂರು ಲೀಟರಿನ ಪುಟ್ಟ ಟ್ಯಾಂಕಿದ್ದು ಹರಿಯುವ ನೀರನ್ನು ಆಗಿಂದಾಗಲೇ ಕಾಯಿಸುವ ಇನ್‌ಸ್ಟಂಟ್ ಗೀಸರು ಮೂರು-ನಾಲ್ಕು ಸಾವಿರಕ್ಕೆ ಸಿಗುತ್ತದೆ, ಆದರೆ ಅದರ ಕಾಯಿಲ್ 3,000 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನದು. ಅಗ್ಗವೆಂದು ಎರಡನೆಯದರತ್ತ ಕೈ ಚಾಚುವ ಮೊದಲು ಅದು ಕೊಡುವ ನೀರಿನ ವೇಗವನ್ನು ನೋಡಬೇಕು: 3,000 ವ್ಯಾಟ್‌ನ ಕಾಯಿಲ್ ನಿಮಿಷಕ್ಕೆ 43 ಕಿಲೋಕ್ಯಾಲೊರಿ ಶಾಖವನ್ನಷ್ಟೇ ಕೊಡಬಲ್ಲುದಾದ್ದರಿಂದ, ಸ್ನಾನದ ಹದಕ್ಕೆ ನಿಮಿಷಕ್ಕೆ ಮೂರು ಲೀಟರ್ ಸಿಗುತ್ತದೆ, ಒಂದು ಬಕೆಟ್ ತುಂಬಲು ಆರೂವರೆ ನಿಮಿಷ ಬೇಕು. ಟ್ಯಾಂಕಿನ ಗೀಸರಿನಲ್ಲಿ 60 ಡಿಗ್ರಿಗೆ ಕಾದ 25 ಲೀಟರಿಗೆ ತಣ್ಣೀರು ಬೆರೆಸಿದಾಗ ಸುಮಾರು 60 ಲೀಟರ್ ಹದವಾದ ನೀರು, ಅಂದರೆ ಮೂರು ಬಕೆಟ್ ದೊರೆಯುತ್ತದೆ. ಇಬ್ಬರೇ ಇರುವ ಮನೆಗೆ 15 ಲೀಟರಿನದು ಸಾಕು; ದೊಡ್ಡ ಟ್ಯಾಂಕ್ ಕೊಂಡು ಅರ್ಧ ನೀರನ್ನು ಆರಲು ಬಿಡುವುದು ವ್ಯರ್ಥ.

ಅಳವಡಿಕೆಯ ವಿಚಾರದಲ್ಲಿ ಈ ಪ್ರದೇಶದ ಮನೆಗಳಿಗೆ ತಮ್ಮದೇ ಆದ ತೊಡಕುಗಳಿವೆ, ಮತ್ತು ಅಂಗಡಿಯವರು ಉಚಿತ ಫಿಟ್ಟಿಂಗ್ ಎಂದು ಹೇಳುವಾಗ ಇವು ಯಾವುವೂ ಅದರೊಳಗೆ ಸೇರಿರುವುದಿಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ಬಚ್ಚಲು ಮುಖ್ಯ ಕಟ್ಟಡದಿಂದ ಬೇರೆಯಾಗಿ, ಹಿತ್ತಿಲಿನ ಕಡೆ ಇರುತ್ತದೆ. ಅಲ್ಲಿಗೆ ಒಂದು ಬಲ್ಬಿಗೆಂದು ಎಳೆದ ತೆಳುವಾದ ವಯರಿನಲ್ಲಿ 2,000 ವ್ಯಾಟ್ ಉಪಕರಣವು ಎಳೆಯುವ ಸುಮಾರು 9 ಆಂಪಿಯರ್ ವಿದ್ಯುತ್ತು ಹರಿದರೆ ವಯರ್ ಬಿಸಿಯಾಗಿ ಇನ್ಸುಲೇಶನ್ ಕರಗುವ ಅಪಾಯವಿದೆ. ಆದ್ದರಿಂದ ಮುಖ್ಯ ಬೋರ್ಡಿನಿಂದ ಪ್ರತ್ಯೇಕವಾಗಿ, ಕನಿಷ್ಠ 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ವಯರನ್ನು, ದೂರ ಹೆಚ್ಚಿದ್ದರೆ 4 ಚದರ ಮಿಲಿಮೀಟರಿನದನ್ನು ಎಳೆದು, 16 ಆಂಪಿಯರ್ ಸಾಕೆಟ್ ಮತ್ತು ಎಂ.ಸಿ.ಬಿ. ಅಳವಡಿಸಬೇಕು. ಮಣ್ಣಿನ ಗೋಡೆಗೂ ಸಂದು ಸಡಿಲವಾದ ಮುರಕಲ್ಲಿನ ಗೋಡೆಗೂ ನೀರು ತುಂಬಿದಾಗ ಮೂವತ್ತೈದು ಕಿಲೋದಷ್ಟು ತೂಗುವ ಗೀಸರನ್ನು ಬೋಲ್ಟ್ ಹೊಡೆದು ತೂಗುಹಾಕಿದರೆ ಗಾರೆಯ ಸಮೇತ ಕಿತ್ತುಬರುವುದುಂಟು. ಗೋಡೆಯ ಆ ಭಾಗವನ್ನು ಸಿಮೆಂಟಿನಲ್ಲಿ ಭದ್ರಪಡಿಸುವ ಖರ್ಚು ಬೇರೆ. ಬಿಸಿನೀರು ಹರಿಯುವ ಪೈಪು ಸಾಮಾನ್ಯ ಪಿ.ವಿ.ಸಿ. ಆಗಿರಬಾರದು, ಶಾಖ ತಾಳುವ ಸಿ.ಪಿ.ವಿ.ಸಿ. ಆಗಿರಬೇಕು.

ಇನ್ನೊಂದು ತೊಡಕು ಗುಡ್ಡದ ಮೇಲಿನ ಟ್ಯಾಂಕಿನದು. ಹೆಂಚಿನ ಮಾಡಿನ ಮೇಲೆ ಟ್ಯಾಂಕ್ ಇಡಲಾಗದ ಕಾರಣ ಮನೆಯ ಹಿಂದಿನ ಗುಡ್ಡೆಯಲ್ಲಿ ಟ್ಯಾಂಕ್ ಕಟ್ಟಿ, ತೋಟಕ್ಕೂ ಮನೆಗೂ ಅಲ್ಲಿಂದಲೇ ನೀರು ಇಳಿಸುವುದು ಗುತ್ತಿಗಾರು, ಕೊಲ್ಲಮೊಗ್ರು, ಕೊಂಬಾರಿನಂಥ ಊರುಗಳಲ್ಲಿ ಸಹಜವಾಗಿ ಕಾಣುವ ಏರ್ಪಾಡು. ಪ್ರತಿ 10 ಮೀಟರ್ ಎತ್ತರಕ್ಕೆ ನೀರಿನ ಒತ್ತಡ ಸುಮಾರು ಒಂದು ಬಾರ್‌ನಷ್ಟು ಏರುತ್ತದೆ. ತಾರಸಿಯ ಟ್ಯಾಂಕಿನಿಂದ ಅರ್ಧ ಬಾರ್ ಒತ್ತಡ ಬರುವಲ್ಲಿ ಕೆಲಸ ಮಾಡುವ ಅಗ್ಗದ ಗೀಸರನ್ನು, 40 ಮೀಟರ್ ಎತ್ತರದಿಂದ ನಾಲ್ಕು ಬಾರ್ ಒತ್ತಡದಲ್ಲಿ ನೀರು ನುಗ್ಗುವಲ್ಲಿ ಜೋಡಿಸಿದರೆ ಟ್ಯಾಂಕಿನ ಬೆಸುಗೆ ಬಿಡುವುದು ತಡವಾಗುವುದಿಲ್ಲ. ಗೀಸರ್ ತಾಳಬಲ್ಲ ಒತ್ತಡವನ್ನು ಬಾರ್ ಲೆಕ್ಕದಲ್ಲಿ ಅದರ ಮೈಮೇಲೆಯೇ ಬರೆದಿರುತ್ತಾರೆ. ಅದನ್ನು ಓದಿ ಕೊಳ್ಳಬೇಕು, ಹೆಚ್ಚಿನ ಒತ್ತಡವನ್ನು ಹೊರಬಿಡುವ ಸುರಕ್ಷಾ ವಾಲ್ವನ್ನು ಯಾವ ಕಾರಣಕ್ಕೂ ಬಿಗಿದು ಮುಚ್ಚಬಾರದು. ಅದರಿಂದ ಹನಿ ಬೀಳುತ್ತದೆಂದು ಪ್ಲಗ್ ಹಾಕಿ ಮುಚ್ಚಿಸುವ ಪ್ಲಂಬರು ಅಪಾಯವನ್ನೇ ಒಳಗೆ ಕೂಡಿಹಾಕಿ ಹೋಗುತ್ತಾನೆ.

ಇಲ್ಲಿಗೆ ವಿದ್ಯುತ್ ಪೂರೈಸುವ ಮೆಸ್ಕಾಂ ಮಂಜೂರು ಮಾಡಿದ ಲೋಡ್ ಎಷ್ಟಿದೆ ಎಂಬುದನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಬೇಕು. ಮಂಜೂರಾದ ಲೋಡ್ ಎಂದರೆ ಮನೆಯೊಂದು ಏಕಕಾಲಕ್ಕೆ ಎಳೆಯಬಹುದೆಂದು ನಿಗದಿಪಡಿಸಿದ ಗರಿಷ್ಠ ವಿದ್ಯುತ್ತು. ನಿಗದಿತ ಶುಲ್ಕವನ್ನು ಲೆಕ್ಕ ಹಾಕುವುದು ಅದರ ಆಧಾರದ ಮೇಲೆ, 2025-26ರ ದರದಲ್ಲಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಒಂದು ಕಿಲೋವ್ಯಾಟ್ ಮಂಜೂರಾದ ಹಳೆಯ ಮನೆಗೆ 2 ಕಿಲೋವ್ಯಾಟ್ ಗೀಸರ್ ತಂದಾಗ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ, ಠೇವಣಿ ಕಟ್ಟಿ, ಪರವಾನಗಿ ಪಡೆದ ಗುತ್ತಿಗೆದಾರರಿಂದ ಕೆಲಸ ಮಾಡಿಸಬೇಕಾಗುತ್ತದೆ. ವಯರಿಂಗ್, ಪೈಪು, ಅರ್ಥಿಂಗ್, ಠೇವಣಿ ಎಲ್ಲ ಸೇರಿದಾಗ ಅಳವಡಿಕೆಯ ಮೊತ್ತ ಗೀಸರಿನ ಬೆಲೆಗೆ ಸಮನಾದರೂ ಅಚ್ಚರಿಯಿಲ್ಲ.

ಸುಳ್ಯದ ಓದುಗರಿಗೆ ವೋಲ್ಟೇಜ್ ವಿಚಾರ ಹೊಸದಲ್ಲ. ಪುತ್ತೂರಿನ ಕಡೆಯಿಂದ ಉದ್ದಕ್ಕೆ ಬರುವ 33 ಕೆ.ವಿ. ಮಾರ್ಗವನ್ನು ನಂಬಿಕೊಂಡ ಈ ತಾಲೂಕಿಗೆ 110 ಕೆ.ವಿ. ಉಪಕೇಂದ್ರ ಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು, ಮತ್ತು ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಬೇಸಿಗೆಯಲ್ಲಿ ಮಾರ್ಗದ ಕೊನೆಯ ಮನೆಗಳಲ್ಲಿ ಬಲ್ಬು ಕೆಂಪಗಾಗುವುದು ಎಲ್ಲರೂ ಕಂಡದ್ದು. ಕಾಯಿಲ್ ಕೊಡುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್ ಇದ್ದರೆ 2,000 ವ್ಯಾಟ್‌ನ ಗೀಸರು 1,225 ವ್ಯಾಟ್‌ನದಾಗುತ್ತದೆ. ಅರ್ಧ ಗಂಟೆಯಲ್ಲಿ ಕಾಯಬೇಕಾದ 25 ಲೀಟರ್ ನೀರಿಗೆ 48 ನಿಮಿಷ ಬೇಕಾಗುತ್ತದೆ. ಇದರಿಂದ ಬಿಲ್ಲು ಹೆಚ್ಚುತ್ತದೆ ಎಂಬ ಭಯ ಅನೇಕರಲ್ಲಿದ್ದರೂ ಅದು ನಿರಾಧಾರ, ಏಕೆಂದರೆ ಸಮಯ ಏರಿದಷ್ಟೂ ಎಳೆಯುವ ವಿದ್ಯುತ್ತು ಇಳಿದಿರುತ್ತದೆ, ಯೂನಿಟ್ ಲೆಕ್ಕ ಬಹುತೇಕ ಅಷ್ಟೇ ಉಳಿಯುತ್ತದೆ. ಟ್ಯಾಂಕಿನ ಗೀಸರಿಗಾಗಿ ಸ್ಟೆಬಿಲೈಸರ್ ಕೊಳ್ಳುವುದು ಹಣ ಪೋಲು. ಕಷ್ಟವಾಗುವುದು ಇನ್‌ಸ್ಟಂಟ್ ಗೀಸರಿಗೆ: ಅದೇ 180 ವೋಲ್ಟಿನಲ್ಲಿ ಅದು ನಿಮಿಷಕ್ಕೆ ಎರಡು ಲೀಟರನ್ನೂ ಕಾಯಿಸಲಾರದೆ, ಒಂದು ಬಕೆಟಿಗೆ ಹತ್ತು ನಿಮಿಷ ದಾಟುತ್ತದೆ. ವೋಲ್ಟೇಜ್ ಕಡಿಮೆಯಿರುವ ಊರಿಗೆ ಇನ್‌ಸ್ಟಂಟ್ ಗೀಸರು ಹೇಳಿಸಿದ್ದಲ್ಲ. ಅಂತೆಯೇ ಡಿಜಿಟಲ್ ಫಲಕ, ರಿಮೋಟ್ ಎಂದು ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮಾದರಿಗಳು ಮಳೆಗಾಲದ ಮೊದಲೂ ಕೊನೆಗೂ ಘಟ್ಟದ ಬುಡದಲ್ಲಿ ಬಡಿಯುವ ಸಿಡಿಲಿಗೆ ಬೇಗ ಬಲಿಯಾಗುತ್ತವೆ. ಗುಂಡಿ ತಿರುಗಿಸುವ ಹಳೆಯ ಬಗೆಯ ಥರ್ಮೋಸ್ಟಾಟ್ ಇರುವುದೇ ಇಲ್ಲಿಗೆ ಒಳ್ಳೆಯದು.

ಈಗ ಬಿಲ್ಲಿನ ಮುಖ್ಯ ವಿಷಯಕ್ಕೆ ಬರಬಹುದು. 2023ರ ಜುಲೈಯಿಂದ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಉಚಿತವೆಂಬ ಮಾತು ಪ್ರಚಾರದಲ್ಲಿದ್ದರೂ, ನಿಯಮ ಹಾಗಿಲ್ಲ. ಮನೆಯೊಂದು 2022-23ನೇ ಸಾಲಿನಲ್ಲಿ ತಿಂಗಳಿಗೆ ಸರಾಸರಿ ಬಳಸಿದ ವಿದ್ಯುತ್ತಿಗೆ ಶೇ. 10ನ್ನು ಸೇರಿಸಿ ಬರುವ ಮೊತ್ತವೇ ಆ ಮನೆಯ ಉಚಿತ ಅರ್ಹತೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದವರಿಗೆ ಶೇಕಡಾವಾರಿನ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿಯನ್ನು 2024ರಲ್ಲಿ ತರಲಾಯಿತು, ಹಿಂದಿನ ದಾಖಲೆಯಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ ಆಧಾರದಲ್ಲಿ 58 ಯೂನಿಟ್ ನಿಗದಿಯಾಯಿತು. ಅರ್ಹತೆಯನ್ನು ಮೀರಿ, ಆದರೆ 200ರ ಒಳಗೆ ಬಳಸಿದವರು ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕೊಡಬೇಕು. 200ನ್ನು ದಾಟಿದವರು ಮೊದಲ ಯೂನಿಟಿನಿಂದ ಹಿಡಿದು ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಈ ನಿಯಮದ ಒಂದು ವಿಚಿತ್ರ ಪರಿಣಾಮವನ್ನು ಅಡಿಕೆ ಸಿಪ್ಪೆಯ ಮನೆಗಳು ಅನುಭವಿಸುತ್ತಿವೆ. 2022-23ರಲ್ಲಿ ಹಂಡೆ ಉರಿಸುತ್ತಿದ್ದ ಮನೆಯ ಸರಾಸರಿ ಬಳಕೆ ಸಹಜವಾಗಿಯೇ ಕಡಿಮೆಯಿತ್ತು, ಅದು 60 ಯೂನಿಟ್ ಆಗಿದ್ದರೆ ಅರ್ಹತೆ 66ಕ್ಕೆ ನಿಂತಿತು. ಆಗಲೇ ಗೀಸರ್ ಬಳಸುತ್ತಿದ್ದ ಪಕ್ಕದ ಮನೆಯ ಅರ್ಹತೆಯೊಳಗೆ ಬಿಸಿನೀರೂ ಸೇರಿಕೊಂಡಿತು. ವಿದ್ಯುತ್ತನ್ನು ಉಳಿಸಿದವರಿಗೆ ಸಿಕ್ಕಿದ ಬಹುಮಾನ ಇದು. ಅಂಥ ಹಂಡೆಯ ಮನೆ ಇಂದು ಗೀಸರ್ ಹಾಕಿಸಿ 98 ಯೂನಿಟ್ ಹೆಚ್ಚು ಬಳಸಿದರೆ ಒಟ್ಟು 158 ಆಗಿ, 92 ಯೂನಿಟ್‌ಗೆ ಸುಮಾರು 644 ರೂಪಾಯಿ ಕಟ್ಟಬೇಕಾಗುತ್ತದೆ. ಉಚಿತ ವಿದ್ಯುತ್ ಇದೆಯೆಂದು ನಂಬಿ ಗೀಸರ್ ಕೊಂಡವರಿಗೆ ಬಿಲ್ ಬಂದಾಗ ಆಗುವ ಆಶ್ಚರ್ಯಕ್ಕೆ ಇದೇ ಕಾರಣ.

ಇನ್ನು 200ರ ಗಡಿಯ ಸಮೀಪದಲ್ಲಿರುವ ಮನೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಫ್ರಿಜ್ಜು, ಮಿಕ್ಸಿ, ಗ್ರೈಂಡರು, ವಾಷಿಂಗ್ ಮಷಿನು, ಮನೆಯ ಪಂಪು ಎಲ್ಲ ಇರುವ, ತಿಂಗಳಿಗೆ 110 ಯೂನಿಟ್ ಬಳಸುವ, 121 ಯೂನಿಟ್ ಅರ್ಹತೆಯಿರುವ, 3 ಕಿಲೋವ್ಯಾಟ್ ಮಂಜೂರಾದ ಮನೆಯೊಂದಿದೆ ಎಂದುಕೊಂಡರೆ, ಅದರ ಈಗಿನ ಬಿಲ್ಲು ಸೊನ್ನೆ. ಗೀಸರ್ ಬಂದು ತಲೆಗೊಂದು ಬಕೆಟ್ ಬಳಸಿದರೆ ಒಟ್ಟು 159 ಯೂನಿಟ್ ಆಗಿ, ಹೆಚ್ಚುವರಿ 38 ಯೂನಿಟ್‌ಗೆ 266 ರೂಪಾಯಿ ಬರುತ್ತದೆ. ತಲೆಗೆರಡು ಬಕೆಟ್ ಬಳಸಿದರೆ ಒಟ್ಟು 208 ಆಗುತ್ತದೆ, ಗಡಿ ದಾಟುತ್ತದೆ; ಆಗ 208 ಯೂನಿಟ್‌ಗಳಿಗೂ 7 ರೂಪಾಯಿಯಂತೆ 1,456, ಅದರ ಮೇಲೆ ನಿಗದಿತ ಶುಲ್ಕ 435, ಒಟ್ಟು 1,891 ರೂಪಾಯಿ. ಎರಡನೆಯ ಬಕೆಟಿನ 49 ಯೂನಿಟ್‌ಗಳ ನಿಜವಾದ ಬೆಲೆ 1,625 ರೂಪಾಯಿ, ಅಂದರೆ ಯೂನಿಟ್ ಒಂದಕ್ಕೆ 33 ರೂಪಾಯಿ. ಮಾರುಕಟ್ಟೆಯ ಯಾವ ಐದು ನಕ್ಷತ್ರದ ಗೀಸರೂ ಈ ನಷ್ಟವನ್ನು ತುಂಬಿಕೊಡಲಾರದು. ಆದರೆ ತಿಂಗಳ ಕೊನೆಯ ವಾರದಲ್ಲಿ ಮೀಟರ್ ನೋಡಿ, 190 ದಾಟಿದ್ದರೆ ಹಂಡೆಗೆ ಬೆಂಕಿ ಹಾಕುವ ಮನೆ ಅದನ್ನು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಹಂಡೆಯನ್ನು ಗುಜರಿಗೆ ಹಾಕಿ ಬಂದ ತಾಮ್ರದ ಹಣದಲ್ಲಿ ಗೀಸರ್ ಕೊಳ್ಳುವ ಜಾಣತನ ಇಲ್ಲಿ ತಿರುಗಿ ಹೊಡೆಯುತ್ತದೆ.

ನಕ್ಷತ್ರಗಳ ವಿಚಾರವನ್ನೂ ಹೇಳಬೇಕು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಟ್ಯಾಂಕಿನ ಗೀಸರುಗಳಿಗೆ ಕೊಡುವ ನಕ್ಷತ್ರಪಟ್ಟಿ ತಿಳಿಸುವುದು, ಕಾಯಿಸಿದ ನೀರನ್ನು ಬಳಸದೆ ಬಿಟ್ಟಾಗ 24 ಗಂಟೆಯಲ್ಲಿ ಎಷ್ಟು ಯೂನಿಟ್‌ನಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ಹೊರಗಿನ ಗಾಳಿಗೂ ಒಳಗಿನ ನೀರಿಗೂ 45 ಡಿಗ್ರಿ ಅಂತರವಿದೆ ಎಂಬ ಆಧಾರದಲ್ಲಿ ಇದನ್ನು ಅಳೆಯುತ್ತಾರೆ. ಪಟ್ಟಿಯಲ್ಲಿ 0.6 ಎಂದಿದ್ದರೆ, 34 ಡಿಗ್ರಿ ಅಂತರದ ಈ ಊರಿನಲ್ಲಿ ದಿನಕ್ಕೆ 0.45 ಯೂನಿಟ್, ದಿನವಿಡೀ ಸ್ವಿಚ್ಚು ಹಾಕಿಯೇ ಇಟ್ಟರೆ ತಿಂಗಳಿಗೆ ಹದಿಮೂರು-ಹದಿನಾಲ್ಕು ಯೂನಿಟ್ ನಷ್ಟ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಮುಗಿದೊಡನೆ ಆರಿಸುವವರಿಗೆ ಒಂದು ನಕ್ಷತ್ರಕ್ಕೂ ಐದಕ್ಕೂ ಹೇಳಿಕೊಳ್ಳುವ ಅಂತರವಿಲ್ಲ.

ನಿರ್ವಹಣೆಯಲ್ಲಿಯೂ ಈ ನೆಲದ ಗುಣ ಕಾಣಿಸುತ್ತದೆ. ಬಯಲುಸೀಮೆಯ ಗಡಸು ನೀರಿನಲ್ಲಿ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿ ಗೀಸರು ಕೆಡುತ್ತದೆ. ಮುರಕಲ್ಲು ನೆಲದ ಬಾವಿ ನೀರು ಮೆದು, ಆದರೆ ತುಸು ಆಮ್ಲೀಯ, ಹೀಗಾಗಿ ಇಲ್ಲಿ ಚಿಂತೆ ಸುಣ್ಣದ್ದಲ್ಲ, ತುಕ್ಕಿನದು. ಟ್ಯಾಂಕಿನ ಬದಲು ತಾನೇ ಸವೆದು ಅದನ್ನು ಕಾಪಾಡಲೆಂದು ಗೀಸರಿನೊಳಗೆ ಇಡುವ ಮೆಗ್ನೀಸಿಯಂ ದಂಡವನ್ನು ಆನೋಡ್ ರಾಡ್ ಎನ್ನುತ್ತಾರೆ. ಅದನ್ನು ಎರಡು ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡಿ ಬದಲಾಯಿಸಿದರೆ ಟ್ಯಾಂಕ್ ಉಳಿಯುತ್ತದೆ, ದಂಡಕ್ಕೆ ಆಗುವುದು ಕೆಲವು ನೂರು ರೂಪಾಯಿ. ಪುತ್ತೂರಿನಿಂದ ಸುಬ್ರಹ್ಮಣ್ಯದ ಆಚೆಗೋ ಈಶ್ವರಮಂಗಲಕ್ಕೋ ಮೆಕ್ಯಾನಿಕ್ ಬಂದುಹೋಗುವ ಚಾರ್ಜು ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗುವುದರಿಂದ ಅಕ್ಕಪಕ್ಕದ ಮೂರು-ನಾಲ್ಕು ಮನೆಯವರು ಒಂದೇ ದಿನ ಕರೆಸಿಕೊಳ್ಳುವುದು ಲೇಸು.

ಉಳಿದ ದಾರಿಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಸೌರ ಬಾಯ್ಲರು ವರ್ಷದ ಎಂಟು ತಿಂಗಳು ಚೆನ್ನಾಗಿ ನಡೆದು, ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗಿನ ವಿದ್ಯುತ್ ಕಾಯಿಲ್‌ಗೆ ಶರಣಾಗುತ್ತದೆ. ಬಿಸಿನೀರು ಹೆಚ್ಚು ಬೇಕೆನಿಸುವುದು ಆ ತಿಂಗಳುಗಳಲ್ಲೇ. ಗ್ಯಾಸ್ ಗೀಸರಿನಲ್ಲಿ 14.2 ಕಿಲೋ ಸಿಲಿಂಡರಿಗೆ 860 ರೂಪಾಯಿ ಎಂದು ಹಿಡಿದರೆ ಒಂದು ಯೂನಿಟ್‌ನಷ್ಟು ಶಾಖಕ್ಕೆ ಸುಮಾರು 6 ರೂಪಾಯಿ ಬಿದ್ದು ವಿದ್ಯುತ್ತಿಗಿಂತ ಒಂದಿಷ್ಟು ಅಗ್ಗವಾಗುತ್ತದಾದರೂ, ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದು ಹೊರಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದರಿಂದ ಜೀವಗಳು ಹೋಗಿವೆ. ಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುವ ಹೀಟ್ ಪಂಪ್ ಮೂರರಲ್ಲೊಂದು ಪಾಲು ವಿದ್ಯುತ್ತಿನಲ್ಲಿ ಅದೇ ಕೆಲಸ ಮಾಡುತ್ತದೆ, ಕರಾವಳಿಯ ಬೆಚ್ಚಗಿನ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಬೆಲೆ ಗೀಸರಿನ ಹಲವು ಪಟ್ಟು. ಹೋಮ್‌ಸ್ಟೇ, ವಸತಿಗೃಹ ನಡೆಸುವವರಿಗೆ ಅದು ಸರಿ, ಐದು ಜನರ ಮನೆಗಲ್ಲ.

ಸ್ವಂತ ತೋಟದ ಸಿಪ್ಪೆ ಇರುವ ಮನೆಯವರು 15 ಲೀಟರಿನ ಒಂದು ಗೀಸರನ್ನು ವಯಸ್ಸಾದವರಿಗೂ ಮಕ್ಕಳಿಗೂ ಅವಸರದ ಬೆಳಗಿಗೂ ಇಟ್ಟುಕೊಂಡು, ಉಳಿದವರಿಗೆ ಹಂಡೆಯನ್ನೇ ಉರಿಸುವುದು ಈ ದರಗಳಲ್ಲಿ ಎಲ್ಲಕ್ಕಿಂತ ಲಾಭದ ಏರ್ಪಾಡು. ಕಟ್ಟಿಗೆ ಕೊಳ್ಳುವವರು ಗೀಸರಿಗೆ ಬದಲಾಯಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ. ಯಾವುದನ್ನು ಆಯ್ದುಕೊಂಡರೂ ಅಂಗಡಿಗೆ ಹೊರಡುವ ಮುನ್ನ ಎರಡು ಕೆಲಸ ಆಗಲೇಬೇಕು. ಮೊದಲನೆಯದಾಗಿ, ಮನೆಯ ಹಳೆಯ ಮೆಸ್ಕಾಂ ಬಿಲ್ಲನ್ನು ತೆಗೆದು ಗೃಹಜ್ಯೋತಿಯ ಅರ್ಹತಾ ಯೂನಿಟ್ ಎಷ್ಟು, ಮಂಜೂರಾದ ಲೋಡ್ ಎಷ್ಟು ಎಂಬುದನ್ನು ಓದಿಕೊಳ್ಳಬೇಕು. ಎರಡನೆಯದಾಗಿ, ಅರ್ಥಿಂಗನ್ನು ಪರೀಕ್ಷೆ ಮಾಡಿಸಬೇಕು: ಬೇಸಿಗೆಯಲ್ಲಿ ಒಣಗಿದ ಮುರಕಲ್ಲು ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹತ್ತಿಪ್ಪತ್ತು ವರ್ಷಗಳ ಹಿಂದೆ ಹೂತ ಅರ್ಥ್ ಕಂಬಿ ತುಕ್ಕು ಹಿಡಿದು ಹೆಸರಿಗಷ್ಟೇ ಉಳಿದಿರುವುದುಂಟು, ಮತ್ತು ಕೆಟ್ಟ ಕಾಯಿಲ್‌ನಿಂದ ನೀರಿಗೆ ಸೋರುವ ವಿದ್ಯುತ್ತು ಒದ್ದೆ ಮೈಯವರನ್ನೇ ಮೊದಲು ಹಿಡಿಯುತ್ತದೆ. ಹೊಸ ಅರ್ಥ್ ಗುಂಡಿ ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೇ ಲೈನ್ ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ಚಿಗೆ ಹಣ ಸಾಲದಿದ್ದರೆ, ಗೀಸರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.